ಸೀಬಾವಿಯ ತಳದ ನೀರು

ಬೇಸಿಗೆ ಬಂತೆಂದರೆ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಜನ ಬಾಟಲಿಗಳಲ್ಲಿ ನೀರು ಹೊತ್ತು ತರುತ್ತಾರೆ. ಹೊಸ ಬಾವಿ ತೆಗೆಸಿದವರು, ಮನೆ ಕಟ್ಟಿಸಲು ಹೊರಟವರು, ಸಿಗಡಿ ಕೆರೆ ಮಾಡಿದವರು. ಬಾಟಲಿಯನ್ನು ಮೇಜಿನ ಮೇಲಿಟ್ಟು “ಇದೊಂಚೂರು ನೋಡಿ ಕೊಡಿ ಮೇಡಂ” ಎನ್ನುತ್ತಾರೆ. ಬಾಟಲಿ ಮುಟ್ಟುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ: “ಮೇಲಿಂದೋ, ತಳದ್ದೋ?”

ಕೆಲವರಿಗೆ ನಗು ಬರುತ್ತದೆ. ಮೊನ್ನೆ ಒಬ್ಬರು “ನೀರಿಗೆ ಮೇಲೆ ಕೆಳಗೆ ಎಂತದು ಮೇಡಂ, ನೀರು ನೀರೇ ಅಲ್ದಾ?” ಎಂದರು. ಬಾಟಲಿಯನ್ನು ಅವರ ಕೈಗೇ ಕೊಟ್ಟು ಕಳಿಸಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ, ಅದು ಎಲ್ಲರಿಗೂ ಗೊತ್ತು. ಆದರೆ ಆ ಪ್ರಶ್ನೆ ನನ್ನದಲ್ಲ. ಅದನ್ನು ನನಗೆ ಕೊಟ್ಟವರು ಹೋದ ಆಷಾಢದಲ್ಲಿ ತೀರಿಕೊಂಡರು. ಅದಕ್ಕಾಗಿ ಅವರು ಏನೇನು ತೆತ್ತರು ಎಂಬುದನ್ನು ಬಲ್ಲವರು ಈಗ ಮೂರೋ ನಾಲ್ಕೋ ಜನ ಉಳಿದಿದ್ದೇವೆ.

ನಮಗೆ ಅವರು ಸರ್, ಊರವರಿಗೆ ಮಾಸ್ತರು. ಭಟ್ಕಳದ ಹತ್ತಿರ ಮುಟ್ಟಳ್ಳಿಯಲ್ಲಿ ಮನೆ, ಸ್ವಲ್ಪ ಗದ್ದೆ, ಒಂದಷ್ಟು ತೆಂಗು. ಬೆಳಗಿನ ಬಸ್ಸು ಹಿಡಿದು ಹೊನ್ನಾವರ ದಾಟಿ ಕುಮಟಾಕ್ಕೆ ಬಂದು ಪಾಠ ಮಾಡಿ, ಸಂಜೆ ಅದೇ ದಾರಿಯಲ್ಲಿ ಮರಳುತ್ತಿದ್ದರು. ನಿವೃತ್ತಿಯವರೆಗೂ ಹಾಗೇ ನಡೆಯಿತು. ಕುಳ್ಳನೆಯ ಆಳು, ಅರ್ಧ ತೋಳಿನ ಬಿಳಿ ಅಂಗಿ. ಕಿಸೆಯ ಕೆಳಗೆ ಯಾವಾಗಲೂ ಒಂದು ನೀಲಿ ಕಲೆ. ಕೈಯಲ್ಲಿ ಮನೆಯ ದೊಡ್ಡ ಬೀಗದ ಕೈ ಹಿಡಿದಿರುತ್ತಿದ್ದರು. ಕಬ್ಬಿಣ ಕಂಡಲ್ಲಿ ಅದರಿಂದ ಟಕ್ಕೆಂದು ಬಡಿದು ಕಿವಿಗೊಡುವುದು ಅವರ ಚಾಳಿ. ಬಸ್ಸಿನ ಕಂಬಿಯನ್ನೂ ಬಿಟ್ಟವರಲ್ಲ, ಬ್ಯಾಂಕಿನ ಕಿಟಕಿಯ ಸರಳನ್ನೂ ಬಿಟ್ಟವರಲ್ಲ. ನನ್ನ ಗೆಳತಿಯ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತೇ ಚಪ್ಪರದ ಪೈಪನ್ನು ಬಡಿದು “ಇದು ಈ ಮಳೆಗಾಲ ದಾಟೂದಿಲ್ಲ” ಎಂದುಬಿಟ್ಟರು. ಬಡಿಸುತ್ತಿದ್ದ ಮದುಮಗಳ ಅಪ್ಪ ಅದು ಮದುವೆಯ ಸಂಬಂಧದ ಮಾತೆಂದುಕೊಂಡು ಸೌಟು ಹಿಡಿದು ನಿಂತಲ್ಲೇ ನಿಂತರು.

ಮೊದಲ ದಿನದ ಪ್ರಯೋಗದ ತರಗತಿಯಲ್ಲಿ ಒಬ್ಬ ಹುಡುಗ ತಟ್ಟೆಯಲ್ಲಿದ್ದ ಬಿಳಿ ಪುಡಿಯನ್ನು ಬೆರಳಿಗೆ ಹಚ್ಚಿ ನಾಲಗೆಗೆ ಒಯ್ದ. ಸರ್ ಅವನ ಕೈಯನ್ನು ಗಾಳಿಯಲ್ಲೇ ಹಿಡಿದರು. “ಇಲ್ಲಿ ನಾಲಗೆಗೆ ಕೆಲಸ ಇಲ್ಲ ಮಾರಾಯ. ನಾಲಗೆ ಉಪಕರಣ ಅಲ್ಲ.” ನಾವೆಲ್ಲ ನಮ್ಮ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಆ ವಾಕ್ಯವನ್ನು ಬರೆಯಬೇಕಾಯಿತು. ಆಮೇಲೆ ತುಕ್ಕಿನ ಪಾಠ. ತುಕ್ಕು ಎಂದರೆ ಬರೀ ಕೊಳೆಯುವುದಲ್ಲ, ಕಬ್ಬಿಣದ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ನಡುವೆ ಸಣ್ಣ ಬ್ಯಾಟರಿಯೊಂದು ತನ್ನಷ್ಟಕ್ಕೆ ನಡೆಯುತ್ತಿರುವುದು ಎಂದರು. ನಡೆಯುವುದು ಕಾಣುವುದಿಲ್ಲ. ಆದರೆ ವಿದ್ಯುತ್ತು ಇದ್ದ ಮೇಲೆ ಅಳೆಯಬಹುದು. ಕಣ್ಣಿಗೆ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ, ಆದ್ದರಿಂದ ಅಳೆಯಲೇಬೇಕು. ಪಾಠದಲ್ಲಿ ಅವರ ಧ್ವನಿ ಏರುತ್ತಿದ್ದುದು ಅಲ್ಲಿ ಮಾತ್ರ.

ಹಾಜರಿ ಕೂಗುವಾಗ ನನ್ನ ಊರಿನ ಹೆಸರು ಕೇಳಿ ತಲೆಯೆತ್ತಿದರು.

“ಸೇತುವೆ ಆಚೆಯವಳಾ ತಂಗಿ? ದಿನಾ ಅದರ ಮೇಲೇ ಬರೂದಾ?”

“ಹೌದು ಸರ್. ಮತ್ತೆಂತ ಹಾರಿ ಬರೂಕಾತದಾ?”

ಅವರು ನಗಲಿಲ್ಲ. ನನಗೂ ಅವರ ಗುರುತಿತ್ತು. ಸಣ್ಣವಳಿದ್ದಾಗಿನಿಂದ ಕಂಡ ಮುಖ ಅದು. ಪ್ರತಿ ತಿಂಗಳ ಎರಡನೆಯ ಶನಿವಾರ ಚೀಲ ಹೊತ್ತು ಬಂದು ನಮ್ಮ ಸೇತುವೆಯ ಕಂಬಗಳಿಗೆ ತಂತಿ ಕಟ್ಟಿ ಏನೋ ಬರೆದುಕೊಂಡು ಹೋಗುವ ಕಂಬದ ಮಾಸ್ತರು ಇವರೇ. ನಾವು ಮಕ್ಕಳು ದಂಡೆಯಲ್ಲಿ ಸಾಲಾಗಿ ನಿಂತು “ಕಂಬಕ್ಕೆ ಜ್ವರ ಎಷ್ಟದೆ ಮಾಸ್ತರೆ?” ಎಂದು ಕೂಗಿ ಓಡುತ್ತಿದ್ದೆವು. ಅವರು ಮೀಟರು ನೋಡಿ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತಿದ್ದರು.

ನಮ್ಮ ಊರು ಕಾಗಾಲದ ಆಚೆ, ಉಪ್ಪುನೀರು ಹತ್ತಿಳಿಯುವ ಗಜನಿ ಗದ್ದೆಗಳ ಕೊನೆಗೆ ಇದೆ. ಹೆಸರು ಬೇಡ, ಊರಿಗೆ ಈ ಕಥೆ ಸಾಕಾಗಿ ಹೋಗಿದೆ. ಊರಿಗೂ ಬಸ್ಸಿನ ರಸ್ತೆಗೂ ನಡುವೆ ಅಘನಾಶಿನಿಯ ಒಂದು ಕವಲು. ಅದರ ಮೇಲೆ ಎಂಟು ಕಂಬದ, ರಿಕ್ಷಾ ಒಂದು ಹೋಗುವಷ್ಟು ಅಗಲದ ಕಾಂಕ್ರೀಟು ಸೇತುವೆ. ನಾನು ಹುಟ್ಟುವ ಮೊದಲೇ ಕಟ್ಟಿದ್ದು. ಅದನ್ನು ಕಟ್ಟುವ ಮೊದಲು ಗುತ್ತಿಗೆದಾರನ ಜನ ನಮ್ಮ ಮನೆಯೆದುರಿನ ಸೀಬಾವಿಯ, ಅಂದರೆ ಸಿಹಿನೀರಿನ ಬಾವಿಯ, ನೀರನ್ನು ಒಂದು ಕ್ಯಾನಿನಲ್ಲಿ ತುಂಬಿ ಕಾಲೇಜಿಗೆ ಒಯ್ದಿದ್ದರು, ಕಾಂಕ್ರೀಟು ಕಲಸಲು ಆದೀತೇ ಎಂದು ಕೇಳಲು. ಸರ್ ಆಗಷ್ಟೇ ಕೆಲಸಕ್ಕೆ ಸೇರಿದ್ದರು. ಹಿರಿಯರು ಆ ಕ್ಯಾನನ್ನು ಅವರ ಕಡೆ ನೂಕಿದರು. ನೀರು ಸಿಹಿ ಇತ್ತು. ‘ಈ ಬಾವಿಯ ನೀರು ಕಾಂಕ್ರೀಟಿಗೆ ಯೋಗ್ಯವಾಗಿದೆ’ ಎಂದು ಬರೆದು ಸಹಿ ಹಾಕಿ ಕೊಟ್ಟರು. ಅದು ಅವರು ನೌಕರಿಯಲ್ಲಿ ಹಾಕಿದ ಮೊದಲ ಸಹಿಯಂತೆ. “ನಿಮ್ಮ ಸೇತುವೆಯ ನೀರು ನಾನು ನೋಡಿ ಕೊಟ್ಟದ್ದು” ಎಂದು ನನ್ನ ಹತ್ತಿರ ಹೇಳುವಾಗ ಅವರ ಮುಖದಲ್ಲಿ, ಸುಳ್ಳೇಕೆ ಹೇಳಲಿ, ಒಳ್ಳೆಯ ಹೆಮ್ಮೆಯೇ ಇತ್ತು.

ಆ ಹೆಮ್ಮೆಯಿಂದಲೇ ಅವರು ಮೊದಮೊದಲು ಆ ಕಂಬಗಳನ್ನು ಅಳೆಯಲು ಬಂದದ್ದು. ಉಪ್ಪುಗಾಳಿಯ ಕರಾವಳಿಯಲ್ಲಿ ಒಳ್ಳೆಯ ಕಾಂಕ್ರೀಟು ಎಷ್ಟು ಕಾಲ ತಡೆಯುತ್ತದೆ ಎಂದು ತೋರಿಸಬೇಕಿತ್ತು. ಸಲಕರಣೆ ಎಲ್ಲ ಕೈಯಾರೆ ಮಾಡಿಕೊಂಡದ್ದು. ಒಂದು ಪ್ಲಾಸ್ಟಿಕ್ ಕೊಳವೆ, ಅದರೊಳಗೆ ತಾಮ್ರದ ಕಡ್ಡಿ, ಸುತ್ತ ಮೈಲುತುತ್ತದ ನೀಲಿ ನೀರು, ತುದಿಗೆ ನೀರು ಜಿನುಗುವ ಮರದ ಬಿರಡೆ. ಕಂಬದ ತಲೆಯಲ್ಲಿ ಕಬ್ಬಿಣದ ಸರಳು ಕಾಣುವಲ್ಲಿ ಒಂದು ತಂತಿ ಸಿಕ್ಕಿಸುವುದು. ಕೊಳವೆಯ ತುದಿಯನ್ನು ಒದ್ದೆ ಸ್ಪಂಜಿನ ಮೇಲಿಟ್ಟು ಕಂಬದ ಮೈಗೆ ಒತ್ತುವುದು. ನಡುವೆ ಮೀಟರು. ಒಳಗಿನ ಕಬ್ಬಿಣ ಸುಖವಾಗಿದೆಯೋ ಇಲ್ಲವೋ ಎಂಬುದನ್ನು ಆ ಅಂಕಿ ಹೇಳುತ್ತದೆ. ಮೈನಸ್ ಮುನ್ನೂರೈವತ್ತು ಮಿಲಿವೋಲ್ಟಿಗಿಂತ ಕೆಳಗಿಳಿದರೆ ತುಕ್ಕು ಶುರುವಾಗಿದೆ ಎಂದೇ ತಿಳಿಯಬೇಕು. ಕುಮಟಾದ ಗೊಬ್ಬರದಂಗಡಿಯಲ್ಲಿ ಅವರು ಮೈಲುತುತ್ತ ಕೇಳಿದಾಗ ಅಂಗಡಿಯವರು, ಅಡಿಕೆಗೆ ಸಿಂಪಡಿಸಲು ಎಂದುಕೊಂಡು, “ತೋಟ ಎಷ್ಟು ಎಕ್ರೆ ಮಾಸ್ತರೆ?” ಎಂದರಂತೆ. “ಎಂಟು ಕಂಬ” ಎಂದು ಇವರು ಉತ್ತರ ಕೊಟ್ಟು ಪೊಟ್ಟಣ ಹಿಡಿದು ನಡೆದರು. ಅಂಗಿಯ ನೀಲಿ ಕಲೆ ಅದರದ್ದೇ.

ಕಡ್ಡಿ, ಸರಳು, ಹಳೆಯ ಮೀಟರು ಎಲ್ಲ ಸಿಗುತ್ತಿದ್ದುದು ಭಟ್ಕಳದ ಒಂದು ಗುಜರಿ ಅಂಗಡಿಯಲ್ಲಿ. ಅದರ ಸಾಹೇಬರೂ ಸರ್ ಅವರೂ ಒಂದೇ ಶಾಲೆಯಲ್ಲಿ ಕಲಿತವರು. ಭಾನುವಾರ ಬೆಳಿಗ್ಗೆ ಅಲ್ಲಿ ಮುರುಕು ಕಬ್ಬಿಣದ ರಾಶಿಯ ನಡುವೆ ಕೂತು ಇಬ್ಬರೂ ಚಾ ಕುಡಿಯುತ್ತಿದ್ದರು. “ನಮ್ಮಿಬ್ರ ದೋಸ್ತಿ ನೋಡು ಬೇಟಿ,” ಎಂದು ಸಾಹೇಬರು ಒಮ್ಮೆ ನನಗೆ ಹೇಳಿದ್ದರು. “ಇವ್ರು ತುಕ್ಕು ಹಿಡೀಬಾರ್ದು ಅಂತಾರೆ, ನಾನು ಹಿಡೀಲಿ ಅಂತೇನೆ. ಇಬ್ರಿಗೂ ದಿನಾ ತುಕ್ಕಿಂದೇ ಧ್ಯಾನ.”

ಎರಡನೆಯ ವರ್ಷದಿಂದ ಕಂಬದ ಕೆಲಸಕ್ಕೆ ನಾನೂ ನಿಂತೆ. ಹೇಗೂ ಮನೆ ಅಲ್ಲೇ. ಅವರು ಕೊಳವೆ ಒತ್ತುವುದು, ನಾನು ಅಂಕಿ ಬರೆಯುವುದು. ಆ ಹೊತ್ತಿಗೆ ಹೆಮ್ಮೆ ಹೋಗಿ ಅವರಿಗೆ ಒಂದು ಒಗಟು ಹತ್ತಿಕೊಂಡಿತ್ತು. ಉಬ್ಬರದ ನೀರು ಮುಟ್ಟುವ ಬುಡದಲ್ಲಿ ತುಕ್ಕು ಹಿಡಿದರೆ ಅರ್ಥವಿದೆ. ಆದರೆ ಮೂರನೆಯ ಮತ್ತು ನಾಲ್ಕನೆಯ ಕಂಬದ ತಲೆಯಲ್ಲಿ, ಯಾವ ಉಬ್ಬರವೂ ಏರದ ಎತ್ತರದಲ್ಲಿ, ಅಂಕಿ ಮುನ್ನೂರೈವತ್ತನ್ನೂ ದಾಟಿ ಇಳಿಯುತ್ತಿತ್ತು. ಕಾಂಕ್ರೀಟು ಬಿರಿದು ಕೆಂಪು ಗೆರೆಗಳು ಮೇಲಿನಿಂದ ಕೆಳಕ್ಕೆ ಹರಿದಿದ್ದವು. ಗಾಳಿಯ ಉಪ್ಪೋ ಎಂದು ಕಬ್ಬಿಣದ ಪಟ್ಟಿಗಳನ್ನು ಬೇರೆ ಬೇರೆ ಎತ್ತರದಲ್ಲಿ ತೂಗುಹಾಕಿ ವರ್ಷವಿಡೀ ನೋಡಿದರು. ಅದಲ್ಲ. “ಉಪ್ಪು ಮೇಲೆ ಹ್ಯಾಗೆ ಹತ್ತಿತು?” ಎಂದು ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳುತ್ತಿದ್ದರು.

ಆ ಏಪ್ರಿಲಿನಲ್ಲಿ ಅವರಿಗೆ, ಬಾವಿಯ ನೀರನ್ನೂ ಒಮ್ಮೆ ಮತ್ತೆ ನೋಡಿಬಿಡುವ ಎನಿಸಿತು. ತಮ್ಮ ಮೇಲೆ ಅನುಮಾನ ಬಂದು ಅಲ್ಲ, ಕ್ರಮಕ್ಕೆ. ಸೀಬಾವಿಯ ಕಟ್ಟೆಯ ಮೇಲೆ ನಿಂತು, ಬಾಟಲಿಗೆ ಕಲ್ಲು, ಬಿರಡೆಗೆ ದಾರ ಕಟ್ಟಿ ಹಗ್ಗದಲ್ಲಿ ಬಿಡತೊಡಗಿದರು. ನನ್ನ ಆಯಿ, ಅಂದರೆ ಅಮ್ಮ, ಕೊಡಪಾನ ಹಿಡಿದು ಬಂದವಳು ನೋಡುತ್ತ ನಿಂತಳು.

“ಎಂತಾ ಮಾಸ್ತರೆ, ಅಷ್ಟ್ ಕೆಳಗೆ ಬಿಡ್ತ್ರಿ? ತಳದ್ದು ಉಪ್ಪು ಅಲ್ದಾ.”

ಸರ್ ಹಗ್ಗ ಹಿಡಿದೇ ತಿರುಗಿದರು. “ಸೀಬಾವಿ ಅಲ್ವಾ ಇದು?”

“ಸೀಬಾವಿಯೇ. ಮೇಲಿನ ನೀರು ಸೀ. ಬ್ಯಾಸ್ಗೇಲಿ ಭರತ ಬಂದು ಹೊಳೆ ಏರಿದಾಗ ಉಪ್ಪು ಅಡಿಯಿಂದ ಬತ್ತದೆ. ಅದ್ಕೇ ಹಗ್ಗಕ್ಕೆ ಗಂಟು ಹಾಕೂದು. ಇಕಾ ನೋಡಿ.”

ಆಯಿ ತನ್ನ ಹಗ್ಗ ತೋರಿಸಿದಳು. ನಮ್ಮ ಓಣಿಯ ಹೆಂಗಸರೆಲ್ಲ ಹೋಳಿ ಕಳೆಯುತ್ತಲೇ ಬಾವಿಯ ಹಗ್ಗಕ್ಕೆ ಒಂದು ಗಂಟು ಹಾಕುತ್ತಾರೆ. ಗಂಟು ರಾಟೆಗೆ ಬಂದರೆ ನಿಲ್ಲಿಸಬೇಕು. ಕೊಡಪಾನವನ್ನು ಮುಳುಗಿಸಬಾರದು, ಓರೆ ಮಾಡಿ ತೇಲಿಸಿ ತುಂಬಬೇಕು. ನನಗೂ ಏಳನೆಯ ವರ್ಷಕ್ಕೇ ಕಲಿಸಿದ್ದರು. ಉಪ್ಪುನೀರು ಭಾರ, ಸಿಹಿನೀರು ಹಗುರ, ಕದಡದಿದ್ದರೆ ಒಂದರ ಮೇಲೊಂದು ನಿಲ್ಲುತ್ತವೆ ಎಂದು ನಾನೇ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು. ಮನೆಯೆದುರಿನ ಗಂಟಿಗೂ ಆ ಉತ್ತರಕ್ಕೂ ಸಂಬಂಧವಿದೆಯೆಂದು ನನಗೆ ಆ ದಿನದವರೆಗೆ ಹೊಳೆದಿರಲಿಲ್ಲ. ಓದಿದ್ದು ಒಂದು ಕಡೆ, ನೀರು ಸೇದಿದ್ದು ಒಂದು ಕಡೆ. ನನ್ನಂಥ ದಡ್ಡಿ ಬೇರೆ ಇಲ್ಲ.

ಸರ್ ಆ ಗಂಟನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು. “ಸೇತುವೆ ಕಟ್ಟುವಾಗ ನೀರು ಹ್ಯಾಗೆ ತೆಗೆದ್ರು, ನೆನಪಿದ್ಯಾ?”

“ಇಲ್ದೆ ಎಂತ? ಪಂಪು ಹಾಕಿದ್ರು. ಬ್ಯಾಸ್ಗೆ. ಪೈಪು ಸೀದಾ ತಳಕ್ಕೇ ಬಿಟ್ಟಿದ್ರು.”

“ಅದಕ್ಕೂ ಮೊದ್ಲು ಒಂದು ಕ್ಯಾನು...”

“ಅದು ನಾನೇ ಸೇದಿ ಕೊಟ್ಟದ್ದು,” ಎಂದಳು ಆಯಿ. “ಮದಿಯಾಗಿ ಈ ಮನೆಗೆ ಬಂದ ಹೊಸ್ತು. ಯಾರೋ ಬಿಸ್ಲಲ್ಲಿ ಬಂದು ನೀರು ಬೇಕು ಅಂದ್ರು. ಕುಡೂಕೆ ಅಂದ್ಕಂಡೆ. ಚಲೋ ಮೇಲಿಂದೇ ತೇಲಿಸಿ ಕೊಟ್ಟೆ.” ಸರ್ ಅವರ ಮುಖ ನೋಡಿ ಆಯಿಗೆ ಏನೋ ತಪ್ಪಾಗಿದೆ ಅನ್ನಿಸಿತು. “ಕೇಳಿದ್ರೆ ಹೇಳ್ತಿದ್ನಲ್ಲ ಮಾಸ್ತರೆ. ಯಾರೂ ಕೇಳ್ಲೇ ಇಲ್ಲ.”

ಸರ್ ಬಾಟಲಿಯನ್ನು ತಳದವರೆಗೂ ಬಿಟ್ಟು, ದಾರ ಜಗ್ಗಿ ಬಿರಡೆ ತೆಗೆದು ತುಂಬಿಸಿ, ಎಳೆದುಕೊಂಡರು. ಕಾಲೇಜಿಗೆ ಒಯ್ದು ಅಳೆದಾಗ ಅದರ ಉಪ್ಪು ಹೊಳೆಯ ನೀರಿನ ಹತ್ತಿರವೇ ಬಂತು. ಒಗಟು ಬಿಡಿಸಿಕೊಂಡಿತು. ಉಪ್ಪು ಕಂಬವನ್ನು ಹತ್ತಿರಲಿಲ್ಲ, ಹುಟ್ಟುವಾಗಲೇ ಅದರ ಹೊಟ್ಟೆಯಲ್ಲಿತ್ತು. ಕಾಂಕ್ರೀಟಿನೊಳಗೆ ಕಬ್ಬಿಣದ ಮೈಮೇಲೆ ಕಾಣದಷ್ಟು ತೆಳುವಾದ ಹೊದಿಕೆಯೊಂದು ಇರುತ್ತದೆ, ಅದೇ ಅದನ್ನು ಕಾಯುವುದು. ಉಪ್ಪು ಆ ಹೊದಿಕೆಯನ್ನು ತೂತು ಮಾಡುತ್ತದೆ. ಎಂಟೂ ಕಂಬಗಳಲ್ಲಿ, ಬುಡದಿಂದ ತಲೆಯವರೆಗೆ, ಅವರ ಸಹಿಯ ಬಲದಿಂದ ಸುರಿದ ಉಪ್ಪು.

ಮೂರು ವಾರ ಅವರು ತರಗತಿಗೆ ಬಂದು ಹಲಗೆಯ ಮೇಲೆ ಬರೆದು ಹೋದರು, ಅಷ್ಟೇ. ಬೀಗದ ಕೈ ಕಿಸೆಯಿಂದ ಹೊರಬರಲಿಲ್ಲ. ಒಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ ನನ್ನನ್ನು ಕರೆದು ಎರಡು ಹಾಳೆ ತೋರಿಸಿದರು. ಒಂದು, ಸೇತುವೆಯನ್ನು ಕೂಡಲೇ ಮುಚ್ಚಬೇಕೆಂದು ಇಲಾಖೆಗೆ ಬರೆದ ಪತ್ರ. ಇನ್ನೊಂದು, ಹಳದಿಯಾದ ಆ ಪ್ರಮಾಣಪತ್ರದ ಕಾರ್ಬನ್ ಪ್ರತಿ.

“ರೀಡಿಂಗು ಕಳಿಸಿದ್ರೆ ಸಾಕಲ್ದಾ ಸರ್?” ಎಂದೆ. “ಇದೆಂತಕ್ಕೆ? ಯಾರಿಗೂ ಗೊತ್ತಿಲ್ಲ.”

“ರೀಡಿಂಗು ಮಾತ್ರ ಕಳಿಸಿದ್ರೆ ಹೊರಗಿನ ಉಪ್ಪು ಅಂದ್ಕೊಂಡು ಮೇಲಿಂದ ಸಿಮೆಂಟು ಮೆತ್ತಿ ಬಣ್ಣ ಹೊಡೀತಾರೆ. ಚಂದ ಕಾಣ್ತದೆ. ಒಳಗೆ ನಡೀತಾ ಇರ್ತದೆ. ಉಪ್ಪು ಒಳಗಿಂದ ಅಂತ ಹೇಳ್ಬೇಕು. ಹೇಳಿದ್ರೆ ಹ್ಯಾಗೆ ಬಂತು ಅಂತ ಕೇಳ್ತಾರೆ.” ಕಾರ್ಬನ್ ಪ್ರತಿಯ ಮೇಲೆ ಬೆರಳಿಟ್ಟರು. “ನಾನು ನೋಡಿದ್ದು ಕ್ಯಾನಿನ ನೀರು. ಬರೆದದ್ದು ‘ಈ ಬಾವಿಯ ನೀರು’ ಅಂತ. ಒಂದು ಶಬ್ದದ ತಪ್ಪು ತಂಗಿ. ಬಾವಿಯನ್ನು ನಾನು ನೋಡೇ ಇರ್ಲಿಲ್ಲ.”

ಊರ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಇಲಾಖೆಯ ಎಂಜಿನಿಯರು ಪತ್ರ ಓದಿದರು, ಪ್ರಮಾಣಪತ್ರವನ್ನೂ ಓದಿದರು. ಸೇತುವೆ ಮುಚ್ಚಿದರೆ ಊರಿಗೆ ಉಳಿಯುವುದು ದೋಣಿ, ಇಲ್ಲವೇ ಗಜನಿ ಸುತ್ತಿ ಹೋಗುವ ದೂರದ ದಾರಿ. ಅದೂ ಮಳೆಗಾಲ ಬಾಗಿಲಲ್ಲಿ ನಿಂತಿರುವಾಗ. ಜನ ಕೆರಳಿದ್ದರಲ್ಲಿ ತಪ್ಪೇನಿಲ್ಲ. ಒಬ್ಬ ಹಿರಿಯರು ಎದ್ದು ನಿಂತು ಕೇಳಿದರು, “ಅಂದು ಸೀ ಅಂದವ್ರೂ ನೀವೇ, ಇಂದು ಉಪ್ಪು ಅಂಬವ್ರೂ ನೀವೇ. ನಿಮ್ಗೆ ನಾಲಗೆ ಒಂದೋ ಎರಡೋ ಮಾಸ್ತರೆ?”

ಸರ್ ಕೈಮುಗಿದರು. “ನಾಲಗೆ ಒಂದೇ. ಅಂದು ತಪ್ಪು ಹೇಳ್ತು. ಅದಕ್ಕೇ ಇಂದು ನಾನೇ ಬಂದದ್ದು.”

ಆಯಿಯ ಹೆಸರನ್ನು ಅವರು ಎಲ್ಲೂ ಎತ್ತಲಿಲ್ಲ. ಪತ್ರದಲ್ಲೂ ಇಲ್ಲ, ಸಭೆಯಲ್ಲೂ ಇಲ್ಲ. ಹೆಂಗಸರ ಸಾಲಿನಲ್ಲಿ ಕೂತಿದ್ದ ಆಯಿ ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. “ನಾ ಬಾಯಿ ಮುಚ್ಕಂಡಿದ್ರೆ ಆತಿತ್ತು” ಎಂದಳು.

ಸೇತುವೆ ಮುಚ್ಚಿತು. ಎರಡೂ ತುದಿಗೆ ಕಲ್ಲುಕಂಬ ನೆಟ್ಟರು. ನಾನು ದೋಣಿಯಲ್ಲಿ ಕಾಲೇಜಿಗೆ ಹೋಗತೊಡಗಿದೆ. ಕೊನೆಯ ವರ್ಷದ ಪ್ರಯೋಗ ಪರೀಕ್ಷೆಯ ದಿನ ಬೆಳಿಗ್ಗೆ ಗಾಳಿಮಳೆ ಎದ್ದು ದೋಣಿ ಬಿಡಲಿಲ್ಲ. ಗಜನಿ ಸುತ್ತಿ, ಮೊಣಕಾಲು ಮಟ್ಟದ ನೀರಿನಲ್ಲಿ ಓಡಿ, ಸಿಕ್ಕಿದ ಟೆಂಪೋ ಹತ್ತಿ ಬಂದರೂ ಹೊತ್ತು ಮೀರಿತ್ತು. ಪರೀಕ್ಷಕರು ಸರ್ ಅವರೇ. ಬಾಗಿಲ ಬಳಿ ಒದ್ದೆಯಾಗಿ ನಿಂತ ನನ್ನನ್ನು ನೋಡಿದರು. ಹಾಳೆಯಲ್ಲಿ ನನ್ನ ಹೆಸರಿನ ಎದುರು ಆಗಲೇ ‘ಗೈರು’ ಎಂದು ಬರೆದಾಗಿತ್ತು. ನಾನು ಅಂಗಲಾಚಿದೆ. ಅವರ ಕಣ್ಣು ತುಂಬಿದ್ದನ್ನು ಕಂಡೆ, ಆದರೂ ಕೈ ಪೆನ್ನಿಗೆ ಹೋಗಲಿಲ್ಲ. “ಒಮ್ಮೆ ಬರೆದದ್ದು ಸಾಕು ತಂಗಿ,” ಎಂದರು. “ಇನ್ನೊಂದು ಸುಳ್ಳು ಪತ್ರ ನನ್ನಿಂದ ಆಗೂದಿಲ್ಲ.”

ನನಗೆ ಆರು ತಿಂಗಳು ಹೋಯಿತು. ಆ ಆರು ತಿಂಗಳು ಮಾತ್ರವಲ್ಲ, ಇನ್ನೂ ಒಂದು ವರ್ಷ ನಾನು ಅವರ ಜೊತೆ ಮಾತಾಡಲಿಲ್ಲ. ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದೆ. ಇವತ್ತು ನೆನೆದರೆ ನಾಚಿಕೆಯಾಗುತ್ತದೆ.

ಇದಕ್ಕಿಂತ ದೊಡ್ಡ ಶಿಕ್ಷೆ ಅವರಿಗೆ ಬೇರೆಯೇ ಇತ್ತು. ಸೇತುವೆ ಬೀಳಲಿಲ್ಲ. ಒಂದು ಮಳೆಗಾಲ ಕಳೆಯಿತು, ಎರಡು ಕಳೆಯಿತು, ವರ್ಷಗಳೇ ಕಳೆದವು. ಹೊಸದರ ಕಡತ ಎಲ್ಲೋ ಮಲಗಿತ್ತು, ಹಳೆಯದು ಖಾಲಿ ನಿಂತಿತ್ತು. ದೋಣಿಯಲ್ಲಿ ಕೂತವರು ತಲೆಯೆತ್ತಿ ನೋಡಿ “ಮಾಸ್ತರ ಸೇತುವೆ ಇನ್ನೂ ಗಟ್ಟಿ ಅದೆಯಲ್ಲ!” ಎಂದು ನಗುತ್ತಿದ್ದರು. ಯಾರೋ ಒಂದು ಕಲ್ಲುಕಂಬ ಕಿತ್ತು ಬೈಕು ದಾಟಿಸತೊಡಗಿದರು. ಸರ್ ಒಂದು ವಾರ ರಜೆ ಹಾಕಿ, ಹೊಸ ಕಲ್ಲುಕಂಬ ನೆಡುವವರೆಗೆ ದಿನವಿಡೀ ಸೇತುವೆಯ ಬಾಯಲ್ಲಿ ಕೊಡೆ ಬಿಡಿಸಿ ನಿಂತರು. ಬೈದವರಿಗೆ ಎದುರು ಮಾತಾಡಲಿಲ್ಲ. ಎರಡನೆಯ ಶನಿವಾರ ದೋಣಿಯಲ್ಲಿ ಕೆಳಗಿಂದ ಬಂದು ಅಳೆಯುವುದನ್ನೂ ಬಿಡಲಿಲ್ಲ. ಅವರು ಹಾಗೆ ಒಬ್ಬರೇ ದೋಣಿಯಲ್ಲಿ ನಿಂತು ಒಂದು ಕೈಯಲ್ಲಿ ಕೊಳವೆ, ಒಂದು ಕೈಯಲ್ಲಿ ಪೆನ್ಸಿಲು ಹಿಡಿದು ಪರದಾಡುವುದನ್ನು ದಂಡೆಯಿಂದ ನೋಡಿದ ದಿನ ನನ್ನ ಸಿಟ್ಟು ಕರಗಿತು. ಹೋಗಿ ಪುಸ್ತಕ ಇಸಿದುಕೊಂಡೆ. ಅವರು ಏನೂ ನಡೆಯದವರಂತೆ ಅಂಕಿ ಹೇಳಿದರು, ನಾನು ಬರೆದೆ.

ಆ ಪುಸ್ತಕದಲ್ಲಿ ಹೊಸದೊಂದು ಅಂಕಣ ಬಂದಿತ್ತು. ತಾರೀಕು, ಉಬ್ಬರ, ಆಳ, ಅಂಕಿ, ಇವುಗಳ ಪಕ್ಕದಲ್ಲಿ ‘ಯಾರನ್ನು ಕೇಳಿದೆ?’ ಎಂದು. ಎಲ್ಲಿಯ ನೀರು ನೋಡಲು ಹೋದರೂ ಮೊದಲು ಅಲ್ಲಿ ಸೇದುವವರನ್ನು ಕೇಳಿ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದರು. ಮಾವಿನಕುರ್ವೆಯ ಮೀನು ಮಾರುವ ಅಜ್ಜಿಯೊಬ್ಬಳದ್ದು, ‘ಮಳೆ ಬಿದ್ದ ಮೂರನೇ ದಿನ ಸೀ’. ಹೊನ್ನಾವರದ ಒಬ್ಬ ದೋಣಿಯವನದ್ದು, ‘ಅಮಾಸೆಗೆ ನೀರು ಉಪ್ಪಾಗಿ ಚಾ ಒಡೀತದೆ’. ಹೊಸ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಗಾಜಿನ ಲೋಟದಲ್ಲಿ ಬಣ್ಣದ ಉಪ್ಪುನೀರು ಹಾಕಿ, ಚಮಚದ ಬೆನ್ನ ಮೇಲಿಂದ ಸಿಹಿನೀರು ಇಳಿಸಿ, ಎರಡು ಪದರ ತೋರಿಸಿ ಕೇಳುತ್ತಿದ್ದರು: “ನಿಮ್ಮ ಮನೆಯಲ್ಲಿ ನೀರು ಸೇದೂದು ಯಾರು? ಇವತ್ತು ಹೋಗಿ ಅವರ ಹತ್ರ ಒಂದು ಪ್ರಶ್ನೆ ಕೇಳಿ ಬನ್ನಿ.”

ಅವರು ನಿವೃತ್ತರಾದರು. ನಾನು ಅದೇ ಪ್ರಯೋಗಾಲಯಕ್ಕೆ ಪಾಠ ಮಾಡಲು ಬಂದೆ. ಹೋದ ವರ್ಷ ಬೇಸಿಗೆಯಲ್ಲಿ ಹೊಸ ಸೇತುವೆಗೆ ಅಪ್ಪಣೆಯಾಗಿ ಹಳೆಯದನ್ನು ಒಡೆದರು. ಆಗ ಸರ್ ಮುಟ್ಟಳ್ಳಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು, ಕಿಡ್ನಿ ಸೋತಿತ್ತು. ಒಡೆದ ಕಬ್ಬಿಣ ಭಟ್ಕಳದ ಸಾಹೇಬರ ಅಂಗಡಿಗೇ ಬಂತು. ಸಾಹೇಬರು ಮೂರನೆಯ ಕಂಬದ ತಲೆಯದೆಂದು ವಿಚಾರಿಸಿಕೊಂಡು ಒಂದು ಸರಳನ್ನು ಬಟ್ಟೆಯಲ್ಲಿ ಸುತ್ತಿ ತಂದರು. ನಾನೂ ಅಲ್ಲಿದ್ದೆ. ಹೆಬ್ಬೆರಳು ಗಾತ್ರದ ಸರಳು ನಡುವೆ ಪೊರಕೆಯ ಕಡ್ಡಿಯಷ್ಟಾಗಿ ಸವೆದಿತ್ತು.

“ನೋಡಿ ಮಾಸ್ತರ್,” ಎಂದರು ಸಾಹೇಬರು. “ನೀವು ಹೇಳಿದ್ದು ಖರೇ. ಇದ್ರ ಮೇಲೆ ಜನ ನಡೀತಿದ್ರೆ... ಊರವ್ರಿಗೆ ತೋರಿಸ್ತೇನೆ ನಾನು.”

ಸರ್ ಸರಳನ್ನು ಎದೆಯ ಮೇಲಿಟ್ಟುಕೊಂಡು ಸವೆದ ಜಾಗವನ್ನು ಬೆರಳಿಂದ ಸವರಿದರು. “ಬೇಡ,” ಎಂದರು. “ನಾನು ಸರಿ ಹೇಳಿದ್ದಕ್ಕೆ ಇದು ಸಾಕ್ಷಿ ಅಲ್ಲ. ತಪ್ಪು ಹೇಳಿದ್ದಕ್ಕೆ.”

ಆಷಾಢ ಹಿಡಿದ ಮೇಲೆ ಒಂದು ದಿನ ಫೋನು ಮಾಡಿಸಿ, ಬರುವಾಗ ಸೀಬಾವಿಯ ನೀರು ತಾ ಎಂದರು, ತಳದ್ದು. ಆಯಿಯೇ ಬಾಟಲಿಗೆ ಕಲ್ಲು ಕಟ್ಟಿ ತೆಗೆದು ಕೊಟ್ಟಳು. ಅಳೆಯಲು ಕೇಳಿದರೆಂದುಕೊಂಡು ನಾನು ಮೀಟರನ್ನೂ ಒಯ್ದಿದ್ದೆ. ಅವರು ಬೇಡವೆಂದು ಕೈಯಾಡಿಸಿ ಬಾಯಿ ತೆರೆದರು. ಅವರಿಗೆ ನೀರಿನ ಪಥ್ಯವಿತ್ತು, ಒಂದು ಚಮಚಕ್ಕೆ ಮಾತ್ರ ಅವಕಾಶ. ಚಮಚದಲ್ಲಿ ಬಿಟ್ಟೆ. ಕಣ್ಣು ಮುಚ್ಚಿ ನಾಲಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡರು. ನಮಗೆಲ್ಲ ನಾಲಗೆ ಉಪಕರಣ ಅಲ್ಲ ಎಂದು ಬರೆಸಿದ ಮನುಷ್ಯ.

“ಸೀ,” ಎಂದರು. ಒಂದು ಸಣ್ಣ ನಗು ಬಂತು. “ಮಳೆಗಾಲ ಅಲ್ವಾ. ಈಗ ತಳವೂ ಸೀಯೇ. ಚೈತ್ರದಲ್ಲಿ ತಾ ತಂಗಿ. ಆಗ ನೋಡ್ವ.”

ಐದನೆಯ ದಿನ ಹೋದರು. ಅವರ ಪುಸ್ತಕಗಳನ್ನು ಮನೆಯವರು ನನಗೆ ಕೊಟ್ಟರು.

ಮೊನ್ನೆ ಚೈತ್ರದಲ್ಲಿ, ಉಬ್ಬರದ ಹೊತ್ತಿಗೆ, ಬಾವಿಕಟ್ಟೆಗೆ ಹೋಗಿ ಬಾಟಲಿಯನ್ನು ತಳದವರೆಗೆ ಬಿಟ್ಟೆ. ಆಯಿಗೆ ಈಗ ಸೇದಲು ಆಗುವುದಿಲ್ಲ, ಆದರೂ ಬಂದು ಕಟ್ಟೆಗೆ ಒರಗಿ ನಿಂತಳು. ಪುಸ್ತಕ ಬಿಚ್ಚಿ ತಾರೀಕು ಬರೆದೆ, ಆಳ ಬರೆದೆ. ‘ಯಾರನ್ನು ಕೇಳಿದೆ?’ ಎಂಬ ಕೊನೆಯ ಅಂಕಣ ಖಾಲಿಯಿತ್ತು. ಮೀಟರು ಚೀಲದಲ್ಲಿತ್ತು. ನಾನು ಬಾಟಲಿಯನ್ನು ಆಯಿಯ ಕಡೆ ಹಿಡಿದೆ.

“ಹ್ಯಾಂಗದೆ ಹೇಳು ಆಯಿ.”

“ನನ್ನ ಕೇಳ್ತೀಯಾ?”

“ಹೌದು. ನಿನ್ನೇ ಕೇಳೂದು.”

ಆಯಿ ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡಳು. ಹೊಳೆಯ ಕಡೆ, ಹಳೆಯ ಕಂಬಗಳಿದ್ದ ಜಾಗದ ಕಡೆ ನೋಡಿದಳು.

“ಉಪ್ಪು,” ಎಂದಳು.

ಅದನ್ನು ಬರೆದೆ. ಆಮೇಲೆ ಮೀಟರು ತೆಗೆದೆ.